ಮೊದಲು ನೀರು, ಆಮೇಲೆ ಮೀನು

ಹಗಲಿನ ಪಾಳಿ ಬಿಡುವ ಹೊತ್ತಿಗೆ ಪುಣೆ ಬಳಿಯ ಚಾಕಣದ ಅಂಬೇಠಾಣ ಚೌಕದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೊಸ ಕಾರುಗಳನ್ನು ಎರಡಂತಸ್ತಾಗಿ ಹೇರಿಕೊಂಡ ಉದ್ದನೆಯ ಟ್ರೇಲರ್‌ಗಳು ನಾಸಿಕ್ ಹೆದ್ದಾರಿಗೆ ಅಡ್ಡಲಾಗಿ ಹೊರಳುತ್ತಿರುತ್ತವೆ, ಅವುಗಳ ಹಿಂದೆ ಕಂಪನಿ ಬಸ್ಸುಗಳು, ಬಸ್ಸುಗಳ ಸಂದಿಯಲ್ಲಿ ಮೂರು ಮೂರು ಜನ ಕೂತ ಬೈಕುಗಳು. ವಡಾಪಾವ್ ಗಾಡಿಯ ಕಾದ ಎಣ್ಣೆಯ ವಾಸನೆ, ಡೀಸೆಲ್ ಹೊಗೆ, ಮಾರ್ಕೆಟ್ ಯಾರ್ಡಿನ ಕಡೆಯಿಂದ ಗಾಳಿ ಬೀಸಿದರೆ ಉಳ್ಳಾಗಡ್ಡಿಯ ಘಾಟು. ಕುತ್ತಿಗೆಗೆ ಕಂಪನಿಯ ಕಾರ್ಡು ತೂಗುಬಿಟ್ಟುಕೊಂಡ ಹುಡುಗರು ಚಹಾ ಅಂಗಡಿಯ ಮುಂದೆ ಗುಂಪುಗಟ್ಟಿದ್ದಾರೆ. ಕಿವಿಗೊಟ್ಟರೆ ಮರಾಠಿ, ಹಿಂದಿ, ಭೋಜಪುರಿಯ ನಡುವೆ "ಏನಲೇ, ಊರಿಗಿ ಯಾವಾಗ ಹೊಂಟಿ?" ಎಂಬ ಮಾತೂ ಕೇಳುತ್ತದೆ. ಕಲಬುರಗಿ, ವಿಜಯಪುರ, ಬೀದರದ ಕಡೆಯವರು ಇಲ್ಲಿಗೆ ಹೊಸಬರಲ್ಲ.

ಹೆದ್ದಾರಿ ಬಿಟ್ಟು ಹಳೆಯ ಊರಿನ ಓಣಿಗೆ ತಿರುಗೋಣ. ಸಂಗ್ರಾಮದುರ್ಗದ ಮುರುಕು ಗೋಡೆಯಿರುವುದು ಈ ಕಡೆಗೇ. ಕಿರಾಣಿ ಅಂಗಡಿ, ಮೊಬೈಲ್ ರಿಪೇರಿ, ಹೊಲಿಗೆಯವನ ಮಶೀನು ದಾಟಿದರೆ ಅಕ್ವೇರಿಯಂ ಅಂಗಡಿ. ಬಾಗಿಲು ಕಿರಿದು, ಒಳಗೆ ಉದ್ದ. ಹೊರಗಿನ ಹಾರ್ನುಗಳ ಗದ್ದಲ ಎರಡು ಹೆಜ್ಜೆಗೆ ಹಿಂದೆ ಬೀಳುತ್ತದೆ. ಒಳಗೆ ಏರ್ ಪಂಪುಗಳ ಸಣ್ಣನೆಯ ಗುಂಯ್‌ಗುಡುವಿಕೆ, ಅದರ ಮೇಲೆ ಹತ್ತಾರು ಟ್ಯಾಂಕುಗಳಿಂದ ಏಳುವ ಗುಳ್ಳೆಗಳ ಸದ್ದು. ಮೂಗಿಗೆ ಒದ್ದೆ ಮಣ್ಣು, ಪಾಚಿ, ಒಣ ಸಿಗಡಿಯ ಪುಡಿ ಮೂರೂ ಬೆರೆತ ವಾಸನೆ. ನೀಲಿ ಬೆಳಕಿನ ಟ್ಯಾಂಕಿನಲ್ಲಿ ಏಂಜೆಲ್ ಮೀನುಗಳು ಅಗಲವಾದ ರೆಕ್ಕೆ ನೆಟ್ಟಗೆ ಹಿಡಿದು ನಿಂತಿವೆ. ಪಕ್ಕದಲ್ಲಿ ಕರಿ ಮೋಲಿಗಳು ಗಾಜಿನ ಮೇಲಿನ ಹಸಿರನ್ನು ತುಟಿಯಿಂದ ಕೀಳುತ್ತಿವೆ. ಕಟ್ಟೆಯ ಮೇಲೆ ಸಾಲಾಗಿಟ್ಟ ಬಾಟಲಿಗಳಲ್ಲಿ ಒಂದೊಂದೇ ಫೈಟರ್. ಅವು ಒಂದನ್ನೊಂದು ಕಂಡು ಕೆರಳದಿರಲೆಂದು ಬಾಟಲಿಗಳ ನಡುವೆ ರಟ್ಟಿನ ತುಂಡು ಸಿಕ್ಕಿಸಿದ್ದಾರೆ.

ಅಂಗಡಿಯಾತ ಅಕ್ಕಲಕೋಟೆಯ ಕಡೆಯವರು, ಮನೆಮಾತು ಕನ್ನಡ. ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ತೆಳುವಾದ ಪೈಪಿನ ಒಂದು ತುದಿಯನ್ನು ಟ್ಯಾಂಕಿನ ತಳದಲ್ಲಿ ಆಡಿಸುತ್ತ, ಇನ್ನೊಂದು ತುದಿಯನ್ನು ಬಕೆಟ್ಟಿಗೆ ಬಿಟ್ಟಿದ್ದಾರೆ. ಕಲ್ಲುಹರಳಿನ ಸಂದಿಯ ಕೊಳೆ ಕಂದು ಎಳೆಯಾಗಿ ಪೈಪಿನೊಳಗೆ ಓಡುತ್ತದೆ. ನೀರು ಕಾಲುಭಾಗ ಇಳಿದದ್ದೇ ಪೈಪು ಎತ್ತಿ ಮುಂದಿನ ಟ್ಯಾಂಕಿಗೆ ಹೋಗುತ್ತಾರೆ. ಅವರ ಕೈ ಎಲ್ಲೂ ನೀರನ್ನು ಕದಡುವುದಿಲ್ಲ. ಮೀನು ಹಿಡಿಯುವಾಗಲೂ ಅಷ್ಟೆ, ಬಲೆಯನ್ನು ಮೀನಿನ ಬೆನ್ನಟ್ಟಿಸದೆ ಒಂದು ಮೂಲೆಯಲ್ಲಿ ಹಿಡಿದು ನಿಲ್ಲಿಸಿ, ಇನ್ನೊಂದು ಕೈಯ ಬೆರಳಿನಿಂದ ಮೀನನ್ನು ಮೆಲ್ಲಗೆ ಅತ್ತ ಕಳಿಸುತ್ತಾರೆ. ಮೂರನೆಯ ಒಂದು ಭಾಗ ನೀರು ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ಮೀನು ಬಿದ್ದ ಮೇಲೆ ಸಿಲಿಂಡರಿನ ಆಕ್ಸಿಜನ್ ಪುಸ್ಸೆಂದು ಒಳಹೊಗುತ್ತದೆ, ರಬ್ಬರ್ ಬ್ಯಾಂಡು ಬಾಯಿಗೆ ಸುತ್ತಿಕೊಳ್ಳುತ್ತದೆ. ಇದೇ ಬಗೆಯ ಚೀಲಗಳಲ್ಲಿ, ಥರ್ಮಾಕೋಲ್ ಪೆಟ್ಟಿಗೆಗಳಲ್ಲಿ ಕೂತು ಚೆನ್ನೈನ ಕೊಳತ್ತೂರಿನಿಂದಲೂ ಕೋಲ್ಕತ್ತದಿಂದಲೂ ಮೀನುಗಳು ದೇಶದ ಊರೂರಿಗೆ ಹೋಗುತ್ತವೆ.

ಅಫಜಲಪುರ ತಾಲ್ಲೂಕಿನ ದಂಪತಿ ಬಂದಿದ್ದಾರೆ. ಹುಡುಗ ಬಿಡಿಭಾಗದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸಗಾರ. ಹೆಂಡತಿಯ ಸೊಂಟದಲ್ಲಿರುವ ಮಗು ಬಾಯಿ ತೆರೆದುಕೊಂಡು ಕೆಂಪು ಗೋಲ್ಡ್‌ಫಿಶ್ ನೋಡುತ್ತಿದೆ. ಮಗುವಿನ ಕಣ್ಣು ಹೋದಲ್ಲಿಗೇ ಅಪ್ಪನ ಬೆರಳೂ ಹೋಯಿತು.

"ಕಾಕಾ, ಈ ದುಂಡನ್ನ ಗಾಜಿನ ಬಟ್ಟಲಾ, ಅದ್ರಾಗ ಎರಡ ಕೆಂಪು ಮೀನಾ ಕೊಡ್ರಿ."

"ಕೊಡಂಗಿಲ್ಲ ತಮ್ಮಾ," ಎಂದರು ಅಂಗಡಿಯಾತ, ಪೈಪಿನಿಂದ ಕಣ್ಣೆತ್ತದೆ. "ವಾರದಾಗ ಸಾಯ್ತಾವ. ಕೂಸು ಅಳ್ತದ. ನೀ ಮತ್ತ ಈ ಕಡೆ ಬರಂಗಿಲ್ಲ."

ಆ ನಿರಾಕರಣೆ ನನಗೆ ತುಂಬ ಹಿಡಿಸಿತು. ಎಷ್ಟೋ ಕಡೆ ಈ ಬಟ್ಟಲನ್ನು ನಗುನಗುತ್ತಲೇ ಮಾರುತ್ತಾರೆ. ಗೋಲ್ಡ್‌ಫಿಶ್ ಉಷ್ಣವಲಯದ ಮೀನೇ ಅಲ್ಲ, ಚೀನಾದಲ್ಲಿ ಶತಮಾನಗಟ್ಟಲೆ ಸಾಕಿ ಬೆಳೆಸಿದ ತಂಪು ನೀರಿನ ಜೀವ. ಗೇಣುದ್ದ ಬೆಳೆಯಬಲ್ಲದು, ಸರಿಯಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಹೆಚ್ಚು ಬಾಳಬಲ್ಲದು. ಹೊಲಸನ್ನೂ ಬಹಳ ಬಿಡುತ್ತದೆ. ಅದನ್ನು ಬಟ್ಟಲಿಗೆ ಹಾಕುವುದೆಂದರೆ ಅದರದೇ ಹೊಲಸಿನಲ್ಲಿ ಅದನ್ನು ಮುಳುಗಿಸುವುದು. ಬಾಟಲಿಯಲ್ಲಿ ನಿಂತ ಫೈಟರ್ ಮೇಲೆ ಬಂದು ಬಾಯಿಂದ ಗಾಳಿ ಗುಟುಕರಿಸಬಲ್ಲದು, ಆ ಅಂಗ ಅದರ ತಲೆಯೊಳಗಿದೆ. ಹಾಗೆಂದು ಬಾಟಲಿ ಅದರ ಮನೆಯಲ್ಲ, ಅಂಗಡಿಯ ಕೆಲವು ದಿನಗಳ ತಂಗುದಾಣ.

ಮೇಲಿನ ಕಪಾಟಿನಿಂದ ಎರಡು ಅಡಿ ಉದ್ದದ ಟ್ಯಾಂಕೊಂದು ಕೆಳಗಿಳಿಯಿತು. ಅಗಲ ಒಂದಡಿ, ಎತ್ತರ ಒಂದಡಿ. ಅಂಚುಗಳಲ್ಲಿ ಸಿಲಿಕೋನ್ ಅಂಟು ಕಪ್ಪು ಗೆರೆಯಾಗಿ ಒಣಗಿದೆ. ಅಂಗಡಿಯಾತ ಆ ಗೆರೆಯ ಮೇಲೆ ಹೆಬ್ಬೆರಳು ಎಳೆದು, ಎಲ್ಲೂ ಗಾಳಿಗುಳ್ಳೆ ಇಲ್ಲವೆಂದು ನೋಡಿ, ತಟ್ಟಿದರು. ಅದರೊಳಗೆ ಸುಮಾರು 50 ಲೀಟರ್ ನೀರು ನಿಲ್ಲುತ್ತದೆ. ಗಾಜು, ಹರಳು, ನೀರು ಕೂಡಿದರೆ ತೂಕ 60 ಕಿಲೋ ದಾಟುತ್ತದೆ. ಹಾಗಾಗಿ ಟೀವಿಯ ಸಣ್ಣ ಮೇಜಿನ ಮೇಲೆ ಬೇಡ, ಗಟ್ಟಿ ಕಟ್ಟೆ ಇರಲಿ, ಗಾಜಿನ ಕೆಳಗೆ ಥರ್ಮಾಕೋಲ್ ಹಾಳೆ ಹಾಸಿರಲಿ, ಕಿಟಕಿಯ ಬಿಸಿಲು ಬೀಳದಿರಲಿ. ಬಿಸಿಲು ಬಿದ್ದರೆ ನೀರು ಹಸಿರಾಗುತ್ತದೆ. ಅವರು ಹೇಳುತ್ತ ಹೋದಂತೆ ಹೆಣ್ಣುಮಗಳು ಮನಸ್ಸಿನಲ್ಲೇ ತನ್ನ ಖೋಲಿಯ ಮೂಲೆಗಳನ್ನು ಅಳೆಯುತ್ತಿದ್ದಳು. "ನೀರಿನ ಮಾಠದ ಕಟ್ಟಿ ಅದ ಅಲ್ರಿ, ಅದರ ಬಾಜೂಕ ಇಡಬಹುದು," ಎಂದಳು ಗಂಡನಿಗೆ.

"ಮೀನಾ?" ಎಂದ ಹುಡುಗ.

"ಇವತ್ತ ಬರೇ ನೀರಾ. ಮೀನಾ ಮುಂದಿನ ತಿಂಗಳಾ."

ಮೀನು ಸಾಕಲು ಹೊರಟ ಎಲ್ಲರಿಗೂ ಕಷ್ಟವೆನಿಸುವುದು ಈ ಒಂದು ತಿಂಗಳೇ. ಟ್ಯಾಂಕು ಸಿದ್ಧವಿದೆ, ದೀಪ ಉರಿಯುತ್ತಿದೆ, ಗುಳ್ಳೆ ಏಳುತ್ತಿದೆ, ಒಳಗೆ ಮಾತ್ರ ಏನೂ ಇಲ್ಲ. ನೆರೆಮನೆಯವರು ಇಣುಕಿ ನೋಡಿ ಮೀನೆಲ್ಲಿ ಎಂದು ಕೇಳುತ್ತಾರೆ. ಏನೂ ಇಲ್ಲವೆಂದು ಕಾಣುವ ಆ ನೀರಿನಲ್ಲೇ ದೊಡ್ಡ ಕೆಲಸ ನಡೆಯುತ್ತಿರುತ್ತದೆ. ಮೀನಿನ ಹಿಕ್ಕೆ, ಅದು ಉಸಿರಾಡುವಾಗ ಕಿವಿರಿನಿಂದ ಹೊರಬರುವ ಕಶ್ಮಲ, ತಿನ್ನದೆ ಉಳಿದು ಕೊಳೆತ ಆಹಾರ, ಇವೆಲ್ಲ ಸೇರಿ ನೀರಿನಲ್ಲಿ ಅಮೋನಿಯಾ ಆಗುತ್ತದೆ. ಹೊಳೆಯಲ್ಲಾದರೆ ಹರಿದುಹೋಗುತ್ತದೆ, ಗಾಜಿನ ಪೆಟ್ಟಿಗೆಯಲ್ಲಿ ಹೋಗುವುದೆಲ್ಲಿಗೆ? ಹೊಸ ಟ್ಯಾಂಕಿನ ನೀರು ಕನ್ನಡಿಯಷ್ಟು ತಿಳಿಯಾಗಿದ್ದರೂ ಮೀನಿನ ಕಿವಿರು ಸುಡುವುದು ಇದೇ ಅಮೋನಿಯಾದಿಂದ. ಅದನ್ನು ತಿಂದು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಒಂದು ಬಗೆಯವು. ನೈಟ್ರೈಟೂ ವಿಷವೇ. ಅದನ್ನು ತಿಂದು ಅಷ್ಟಾಗಿ ಕೆಡುಕು ಮಾಡದ ನೈಟ್ರೇಟ್ ಮಾಡುವವು ಇನ್ನೊಂದು ಬಗೆಯವು. ನೈಟ್ರೊಸೊಮೊನಾಸ್, ನೈಟ್ರೊಸ್ಪೈರಾ ಎಂದು ಅವುಗಳ ಹೆಸರು. ಎರಡೂ ನಿಧಾನವಾಗಿ ಬೆಳೆಯುವ ಜೀವಿಗಳು. ಫಿಲ್ಟರಿನ ಸ್ಪಾಂಜಿನಲ್ಲಿ, ಹರಳಿನ ಮೈಮೇಲೆ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು.

ಅಂಗಡಿಯಾತ ಇಷ್ಟನ್ನೆಲ್ಲ ಹೇಳಲಿಲ್ಲ. ತಮ್ಮ ಹಳೆಯ ಟ್ಯಾಂಕಿನೊಳಗೆ ಕೈ ಹಾಕಿ ಕಪ್ಪಗೆ ಜಿಡ್ಡುಗಟ್ಟಿದ ಸ್ಪಾಂಜನ್ನು ಹೊರಗೆಳೆದರು. ಒಂದು ತುಂಡು ಕತ್ತರಿಸಿ, ಅದೇ ಟ್ಯಾಂಕಿನ ನೀರು ತುಂಬಿದ ಚೀಲಕ್ಕೆ ಹಾಕಿ, ಅದರ ಮೇಲೆ ಉಳಿದ ಸ್ಪಾಂಜನ್ನು ಹಿಂಡಿದರು. ನೀರು ಕಂದಾಯಿತು. "ಹಾಲಿಗಿ ಹೆಪ್ಪ ಹಾಕ್ತೀಯಲ್ಲವ್ವಾ, ಹಂಗ ಇದು," ಎಂದು ಹೆಣ್ಣುಮಗಳ ಕೈಗಿತ್ತರು. "ಹೊಸಾ ಫಿಲ್ಟರಿನ ಬಾಜೂಕ ಇಡು. ದಿನಾ ಒಂದೀಟ ಮೀನಿನ ಖಾನಾ ನೀರಿಗಿ ಹಾಕು, ಚಿಟಿಕಿ ಸಾಕು. ಫಿಲ್ಟರ್ ಬಂದ್ ಮಾಡಬ್ಯಾಡ, ರಾತ್ರೀನೂ." ಅವಳಿಗೆ ಪಾಠ ಅಲ್ಲೇ ಅರ್ಥವಾಯಿತು. ಚೀಲವನ್ನು ಮಗುವಿನಷ್ಟೇ ಜೋಪಾನವಾಗಿ ಎದೆಗವಚಿಕೊಂಡಳು.

ಅವರ ಖೋಲಿ ಊರ ಹೊರಗೆ, ಸಾಲಾಗಿ ಕಟ್ಟಿದ ಹತ್ತು ಖೋಲಿಗಳಲ್ಲಿ ಒಂದು. ಮುಂದೆ ಹಗ್ಗದ ಮೇಲೆ ನೀಲಿ ಯೂನಿಫಾರಮ್ಮುಗಳು ಒಣಗುತ್ತಿವೆ, ಬಾಗಿಲ ಬಳಿ ಡಬ್ಬಿಯಲ್ಲಿ ತುಳಸಿ. ಒಮ್ಮೆ ಬೋರಿನ ನೀರು, ಒಮ್ಮೆ ಟ್ಯಾಂಕರಿನದು. ನಳದ ನೀರಾದರೆ ಕ್ಲೋರಿನ್ ಇರುತ್ತದೆ, ಬಕೆಟ್ಟಿನಲ್ಲಿ ಒಂದು ದಿನ ತೆರೆದಿಡಬೇಕು, ಇಲ್ಲವೇ ಆ್ಯಂಟಿ-ಕ್ಲೋರಿನ್ ಹನಿ ಹಾಕಬೇಕು. ಬೋರಿನ ನೀರಿಗೆ ಕ್ಲೋರಿನ್ನಿನ ಕಾಟವಿಲ್ಲ, ಆದರೆ ಗಡಸು. ಈ ಸೀಮೆಯ ಕರಿಕಲ್ಲಿನ ಪದರಗಳಲ್ಲಿ ನಿಂತು ಬರುವ ನೀರದು, ಸ್ಟೀಲಿನ ಚೊಂಬಿನ ಮೇಲೆ ಬಿಳಿ ಕಲೆ ಉಳಿಸಿಹೋಗುತ್ತದೆ, ಸೋಪು ನೊರೆ ಕಟ್ಟುವುದಿಲ್ಲ. ಹೊಸಬರು ಈ ನೀರನ್ನು ಬಯ್ದುಕೊಳ್ಳುತ್ತಾರೆ. ಬಯ್ಯಬೇಕಿಲ್ಲ, ಇದೇ ನೀರಿಗೆ ಒಗ್ಗುವ ಮೀನನ್ನು ತಂದರಾಯಿತು. ಗಪ್ಪಿ, ಮೋಲಿ, ಪ್ಲಾಟಿ, ಮರಿಹಾಕುವ ಈ ಮೂರೂ ಜಾತಿಗೆ ಗಡಸು ನೀರೇ ಹಿತ. ಅಂಗಡಿಯಲ್ಲಿ ನೀಲಿ ಕೆಂಪು ಗೆರೆಯ ನಿಯಾನ್ ಟೆಟ್ರಾ ಎಷ್ಟೇ ಕಣ್ಣು ಸೆಳೆದರೂ ಅದು ಅಮೆಜಾನ್ ಕಾಡಿನ ಮೆದು ನೀರಿನದು. ಮೊದಲ ವರ್ಷಕ್ಕೆ ಅದು ಬೇಡ. ಸೂಜಿ ಚುಚ್ಚಿ, ಬಣ್ಣ ಅದ್ದಿ ಮಾಡಿದ ಗುಲಾಬಿ, ನೇರಳೆ ಮೀನುಗಳಂತೂ ಯಾವ ವರ್ಷಕ್ಕೂ ಬೇಡ. ಅವು ಪಟ್ಟ ನೋವನ್ನು ಯಾವ ಬಣ್ಣವೂ ಮುಚ್ಚುವುದಿಲ್ಲ.

ತಿಂಗಳು ಕಳೆದ ಮೇಲೆ ಅವರು ತಂದದ್ದು ಗಪ್ಪಿ. ಚೀಲವನ್ನು ಬಿಚ್ಚದೆ ಟ್ಯಾಂಕಿನ ನೀರಿನ ಮೇಲೆ ತೇಲಬಿಟ್ಟರು, ಒಳಗಿನ ಹೊರಗಿನ ನೀರಿನ ಬಿಸಿ ಸಮನಾಗಲೆಂದು. ಆಮೇಲೆ ಬಾಯಿ ಬಿಚ್ಚಿ ಲೋಟದಿಂದ ಸ್ವಲ್ಪ ಸ್ವಲ್ಪವೇ ಟ್ಯಾಂಕಿನ ನೀರು ಬೆರೆಸಿದರು. ಕೊನೆಗೆ ಮೀನನ್ನಷ್ಟೇ ಬಲೆಯಲ್ಲೆತ್ತಿ ಒಳಗೆ ಬಿಟ್ಟರು, ಚೀಲದ ನೀರನ್ನು ಹೊರಗೆ ಚೆಲ್ಲಿದರು. ಗಂಡುಗಳು ಬೆರಳಿನ ಎರಡು ಗೆಣ್ಣಿನುದ್ದ, ಬಾಲವೆಲ್ಲ ಬಣ್ಣ. ಹೆಣ್ಣುಗಳು ದೊಡ್ಡವು, ಮಾಸಲು, ಹೊಟ್ಟೆಯ ಹಿಂಭಾಗದಲ್ಲಿ ಕಪ್ಪು ಮಚ್ಚೆ. ಮೊದಲ ಗಂಟೆ ಮೂಲೆಯಲ್ಲಿ ಒತ್ತಿಕೊಂಡು ನಿಂತವು, ದೀಪ ಆರಿಸಿದ ಮೇಲೆ ಒಂದೊಂದಾಗಿ ಹೊರಬಂದವು.

ಈ ಚಿಕ್ಕ ಮೀನಿನ ಊರು ದಕ್ಷಿಣ ಅಮೆರಿಕದ ಉತ್ತರ ಕರಾವಳಿ, ಟ್ರಿನಿಡಾಡ್ ದ್ವೀಪದ ಹಳ್ಳಗಳು. 1866ರಲ್ಲಿ ಅಲ್ಲಿಂದ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಮೀನು ಕಳಿಸಿದ ರಾಬರ್ಟ್ ಜಾನ್ ಲೆಚ್‌ಮಿಯರ್ ಗಪ್ಪಿಯ ಹೆಸರೇ ಮೀನಿಗೆ ನಿಂತಿತು. ನಮ್ಮ ದೇಶಕ್ಕೆ ಅದು ಚೆಂದಕ್ಕಾಗಿ ಮಾತ್ರ ಬಂದದ್ದಲ್ಲ. ಸೊಳ್ಳೆಯ ಮರಿಹುಳ ತಿನ್ನುತ್ತದೆಂದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ತಂದರು. ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಲ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಮಲೇರಿಯಾ ತಡೆಯಲು ಬಾವಿಗಳಿಗೆ ಗಪ್ಪಿ ಬಿಟ್ಟಿದ್ದರು. ಆ ಸೀಮೆಯ ಮಲೇರಿಯಾ ಸೊಳ್ಳೆ ಬಾವಿಯಲ್ಲೇ ಹೆಚ್ಚಾಗಿ ಮೊಟ್ಟೆಯಿಡುವುದರಿಂದ ಈ ಉಪಾಯ ಅಲ್ಲಿ ಚೆನ್ನಾಗಿ ಫಲಿಸಿತು.

ಗಪ್ಪಿಯ ಜೊತೆಗೆ ನಾಲ್ಕಾರು ಜೀಬ್ರಾ ಮೀನನ್ನೂ ಹುಡುಗ ಕೇಳಿ ತಂದಿದ್ದ. ನೀಲಿ ಪಟ್ಟೆಯ ಈ ಚುರುಕು ಮೀನು ಪರದೇಶದ್ದಲ್ಲ, ನಮ್ಮ ತೊರೆ, ಗದ್ದೆಗಳದು. ಗುಂಪಿನಲ್ಲಿದ್ದರೆ ಮಾತ್ರ ನೆಮ್ಮದಿಯಿಂದಿರುತ್ತದೆ. ಚಳಿಯನ್ನೂ ತಡೆದುಕೊಳ್ಳುತ್ತದೆ. ಅದನ್ನು 1822ರಲ್ಲಿ ಗಂಗೆಯ ಮೀನುಗಳ ಪುಸ್ತಕದಲ್ಲಿ ಮೊದಲು ವಿವರಿಸಿದವನು ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್. ಟಿಪ್ಪುವಿನ ಪತನದ ಮರುವರ್ಷ ಮೈಸೂರು, ಕೆನರಾ ಸೀಮೆಗಳನ್ನು ಊರೂರು ತಿರುಗಿ ಬೆಳೆ, ಮಣ್ಣು, ಜನರ ಕಸುಬು ಬರೆದಿಟ್ಟನಲ್ಲ, ಅದೇ ಬುಕಾನನ್. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ಈ ಮೀನಿನ ಗಾಜಿನಂಥ ಭ್ರೂಣದಲ್ಲಿ ಹೃದಯ ಹುಟ್ಟುವುದನ್ನು ವಿಜ್ಞಾನಿಗಳು ಕಣ್ಣಾರೆ ನೋಡುತ್ತಾರೆ.

ಯಾವ ಮೀನು ಏನು ತಿನ್ನುತ್ತದೆ ಎಂಬ ಕುತೂಹಲ ನಮ್ಮ ನೆಲಕ್ಕೆ ಹಳೆಯದು. ಈ ದಂಪತಿಯ ಊರಿನಿಂದ ಬಹಳ ದೂರವೇನಲ್ಲದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, 12ನೆಯ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗ ಇಟ್ಟ. ಹೊಳೆಯ ಮೀನು, ಕಡಲ ಮೀನು, ಹುರುಪೆಯಿರುವುದು, ಇಲ್ಲದಿರುವುದು ಎಂದು ವಿಂಗಡಿಸಿ, ಯಾವುದಕ್ಕೆ ಎಂಥ ತಿನಿಸು ಎಂದು ಹೇಳಿದ. ಅದು ಗಾಳ ಹಾಕುವವರ ವಿದ್ಯೆ, ನಿಜ. ಆದರೆ ಗಂಟೆಗಟ್ಟಲೆ ನೀರನ್ನೇ ನೋಡುತ್ತ ಕೂರದವನಿಂದ ಅಂಥ ಬರಹ ಬರುವುದಿಲ್ಲ.

ಖೋಲಿಯಲ್ಲೂ ಈಗ ಅದೇ ನೋಡುವ ಕೆಲಸ. ಬೆಳಗಿನ ಪಾಳಿಯಿದ್ದರೆ ಹುಡುಗ ಬಸ್ಸಿಗೆ ಹೋಗುವ ಮುನ್ನ ದೀಪ ಹಾಕಿ ಎಣಿಸುತ್ತಾನೆ. ತಿನಿಸು ಹಾಕುವ ಹಕ್ಕು ಮಗುವಿನದು, ಚಿಟಿಕೆ ಮಾತ್ರ ಅಮ್ಮನದು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೆ ಎರಡು ಸಲ. ಹೊಸಬರ ಮೀನುಗಳು ಹಸಿವಿನಿಂದ ಸಾಯುವುದು ಅಪರೂಪ, ಪ್ರೀತಿಯಿಂದ ಹಾಕಿದ ಹೆಚ್ಚಿನ ತಿನಿಸು ಕೊಳೆತು ಸಾಯುವುದೇ ಹೆಚ್ಚು. ರಜೆಯ ದಿನ ನೀರು ಬದಲಿಸುವ ಕೆಲಸ. ಎಲ್ಲ ನೀರನ್ನೂ ತೆಗೆದು ಟ್ಯಾಂಕನ್ನು ಸೋಪಿನಿಂದ ತಿಕ್ಕಿದರೆ ತಿಂಗಳ ಹೆಪ್ಪೆಲ್ಲ ಹೋಯಿತು. ಕಾಲುಭಾಗ ತೆಗೆದು, ಅಷ್ಟೇ ಹೊಸ ನೀರು ಸೇರಿಸಬೇಕು. ಸ್ಪಾಂಜನ್ನು ನಳದ ಕೆಳಗೆ ಹಿಡಿಯಬಾರದು, ತೆಗೆದ ಹಳೆಯ ನೀರಿನಲ್ಲೇ ಎರಡು ಸಲ ಹಿಂಡಿ ಮತ್ತೆ ಇಡಬೇಕು. ಆ ಹಳೆಯ ನೀರಿನಲ್ಲಿ ನೈಟ್ರೇಟ್ ತುಂಬಿರುತ್ತದೆ, ಅದು ಗಿಡಕ್ಕೆ ಗೊಬ್ಬರ. ಬಾಗಿಲ ಬಳಿಯ ತುಳಸಿ ಈಗ ಡಬ್ಬಿ ಮೀರಿ ಬೆಳೆದಿದೆ.

ಡಿಸೆಂಬರ್ ಬಂದರೆ ಪುಣೆಯ ಸೀಮೆಯಲ್ಲಿ ರಾತ್ರಿಯ ಚಳಿ ಕೆಲವು ದಿನ 10 ಡಿಗ್ರಿಗೂ ಇಳಿಯುತ್ತದೆ. ಗಪ್ಪಿಗೆ 24ರಿಂದ 27 ಡಿಗ್ರಿ ಹಿತ. 50 ಲೀಟರಿಗೆ 50 ವ್ಯಾಟಿನ ಹೀಟರ್ ಸಾಕು. ಹೀಟರು ತಾನಾಗಿ ಹತ್ತಿ ತಾನಾಗಿ ಆರುತ್ತದೆ, ಆದರೂ ಗಾಜಿಗಂಟಿದ ಥರ್ಮಾಮೀಟರನ್ನು ದಿನಾ ನೋಡುವುದು ಒಳ್ಳೆಯದು. ನೀರಿಗೆ ಕೈ ಹಾಕುವ ಮುನ್ನ ಪ್ಲಗ್ ತೆಗೆಯುವುದನ್ನು ಎಂದೂ ಮರೆಯಬಾರದು. ಚಳಿಗೆ ಸೊರಗಿದ ಮೀನಿನ ಮೈಮೇಲೆ ಉಪ್ಪಿನ ಹರಳಿನಷ್ಟು ಬಿಳಿ ಚುಕ್ಕೆ ಏಳುತ್ತದೆ. ಅದು ಪರೋಪಜೀವಿಯ ರೋಗ, ಹೊಸ ಮೀನಿನ ಜೊತೆ ಬರುವುದೂ ಉಂಟು. ಹಾಗಾಗಿ ತಿಳಿದವರು ಹೊಸ ಮೀನನ್ನು ಎರಡು ವಾರ ಬೇರೆ ಡಬ್ಬದಲ್ಲಿಟ್ಟು ನೋಡಿ, ಆಮೇಲೆ ಟ್ಯಾಂಕಿಗೆ ಬಿಡುತ್ತಾರೆ. ಲೈಟ್ ಹೋದರೆ ಫಿಲ್ಟರ್ ನಿಲ್ಲುತ್ತದೆ, ಸ್ಪಾಂಜಿನಲ್ಲಿರುವ ಬ್ಯಾಕ್ಟೀರಿಯಾಕ್ಕೂ ಆಕ್ಸಿಜನ್ ಬೇಕು. ಬ್ಯಾಟರಿಯ ಸಣ್ಣ ಏರ್ ಪಂಪೊಂದು ಮನೆಯಲ್ಲಿದ್ದರೆ ಆ ರಾತ್ರಿ ನಿದ್ದೆ ಬರುತ್ತದೆ.

ಒಂದು ಬೆಳಗ್ಗೆ ಹೆಣ್ಣುಮಗಳು ಗಂಡನನ್ನು ಎಬ್ಬಿಸಿದಳು. ಪಾಚಿಯ ಎಳೆಗಳ ನಡುವೆ, ಕಣ್ಣು ಮಾತ್ರ ಕಾಣುವಷ್ಟು ಸಣ್ಣ ಮರಿಗಳು. ಗಪ್ಪಿ ಮೊಟ್ಟೆಯಿಡುವುದಿಲ್ಲ, ಸುಮಾರು ನಾಲ್ಕು ವಾರ ಹೊಟ್ಟೆಯಲ್ಲಿ ಹೊತ್ತು, ಈಜಬಲ್ಲ ಮರಿಯನ್ನೇ ಹಾಕುತ್ತದೆ. ತಾಯಿಯೇ ಅವನ್ನು ನುಂಗಿಬಿಡಬಹುದು, ಪಾಚಿ ದಟ್ಟವಾಗಿದ್ದರೆ ಅಡಗಿ ಉಳಿಯುತ್ತವೆ. ಒಮ್ಮೆ ಗಂಡನ್ನು ಕೂಡಿದ ಹೆಣ್ಣು ಆಮೇಲೆ ತಿಂಗಳುಗಟ್ಟಲೆ, ಗಂಡಿಲ್ಲದೆಯೂ ಮರಿಹಾಕಬಲ್ಲದು. ಖೋಲಿಗಳ ಸಾಲಿನ ಮಕ್ಕಳೆಲ್ಲ ಬಂದು ಗಾಜಿಗೆ ಮೂಗು ಒತ್ತಿ ನಿಂತರು. ಎಣಿಕೆ ಯಾರದೂ ಒಂದಾಗಲಿಲ್ಲ.

ಕಷ್ಟ ಶುರುವಾಗುವುದೂ ಇಲ್ಲಿಂದಲೇ. 50 ಲೀಟರಿನಲ್ಲಿ ಹತ್ತು ಹನ್ನೆರಡು ಸಣ್ಣ ಮೀನು ಸುಖವಾಗಿರುತ್ತವೆ, ಐವತ್ತು ಇರಲಾರವು. ಹೆಚ್ಚಾದದ್ದನ್ನು ಏನು ಮಾಡುವುದು? ಊರಿಗೆ ರಜೆಯ ಮೇಲೆ ಹೋಗುವವರು, ಖೋಲಿ ಖಾಲಿ ಮಾಡುವವರು ದೊಡ್ಡದಾಗಿ ಬೆಳೆದ ಸಕರ್ ಮೀನನ್ನು ಏನು ಮಾಡುವುದು? ಹೊಳೆಗೆ ಬಿಟ್ಟರೆ ಪುಣ್ಯ ಎಂದು ಎಷ್ಟೋ ಜನ ನಂಬಿದ್ದಾರೆ. ಆಳಂದಿಯ ಇಂದ್ರಾಯಣಿ ಹತ್ತಿರದಲ್ಲೇ ಇದೆ, ಭಾಮಾ ನದಿಯೂ ಇದೆ.

ಈ ಹೊಳೆಗಳಿಗೆ ತಮ್ಮದೇ ಮೀನುಗಳಿವೆ. ದಖ್ಖನಿನ ಮಹಶೀರ್ ಮೀನನ್ನು ಕರ್ನಲ್ ಸೈಕ್ಸ್ ವಿಜ್ಞಾನಕ್ಕೆ ಪರಿಚಯಿಸಿದ್ದು 1839ರಲ್ಲಿ, ಇಲ್ಲೇ ಪುಣೆಯ ಬಳಿಯ ಮುಳಾ-ಮುಠಾ ನದಿಯಿಂದ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ನಾವು ಮಂಡಕ್ಕಿ ಹಾಕಿ ಕೈಮುಗಿಯುವ ದೇವರ ಮೀನುಗಳು ಈ ಮಹಶೀರ್ ಕುಲದವೇ. ಕಾರ್ಖಾನೆ, ಊರುಗಳ ಹೊಲಸಿನಿಂದ ಇಂದ್ರಾಯಣಿಯ ಮೇಲೆ ನೊರೆ ತೇಲುವುದನ್ನು ಆಳಂದಿಗೆ ಹೋದವರೆಲ್ಲ ಕಂಡಿದ್ದಾರೆ. ಅಷ್ಟರ ಮೇಲೆ ಪರದೇಶದ ಮೀನನ್ನೂ ಅದಕ್ಕೆ ಹೊರಿಸುವುದು ಅನ್ಯಾಯ. ದಕ್ಷಿಣ ಅಮೆರಿಕದಿಂದ ಬಂದ ಸಕರ್ ಈಗ ಕೇರಳ, ತಮಿಳುನಾಡು, ಬಂಗಾಳದ ಕೆರೆ ಹೊಳೆಗಳಲ್ಲಿ ಬೇರೂರಿದೆ. ದಂಡೆಯಲ್ಲಿ ಬಿಲ ತೋಡುತ್ತದೆ, ಅದರ ಮುಳ್ಳು ಚಿಪ್ಪಿಗೆ ಸಿಕ್ಕಿ ಮೀನುಗಾರರ ಬಲೆ ಹರಿಯುತ್ತದೆ.

ಭಾಮಾ ಭೀಮೆಯನ್ನು ಸೇರುತ್ತದೆ. ಇಂದ್ರಾಯಣಿ ತುಳಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಭೀಮೆ ಉಜನಿ ದಾಟಿ, ಪಂಢರಪುರ ದಾಟಿ, ಅಫಜಲಪುರ ಸೀಮೆಗೆ ಇಳಿದು, ಗಾಣಗಾಪುರದ ಸಂಗಮ, ಸನ್ನತಿ ಹಾಯ್ದು ರಾಯಚೂರಿನ ಬಳಿ ಕೃಷ್ಣೆಯಲ್ಲಿ ಕೂಡುತ್ತದೆ. ಆದ್ದರಿಂದ ಚಾಕಣದಲ್ಲಿರುವ ನಮ್ಮವರಲ್ಲಿ ಒಂದೇ ಬೇಡಿಕೆ: ಮೀನು ಸಾಕಿರಿ, ಚೆನ್ನಾಗಿ ಸಾಕಿರಿ, ಹೆಚ್ಚಾದರೆ ಗೆಳೆಯರಿಗೆ ಕೊಡಿ, ಇಲ್ಲವೇ ತಂದ ಅಂಗಡಿಗೇ ಮರಳಿಸಿ. ಹೊಳೆಗೆ ಮಾತ್ರ ಬಿಡಬೇಡಿ, ಆ ನೀರು ನಿಮ್ಮ ಊರಿಗೇ ಹೋಗುತ್ತದೆ.